ಗೇರುಬೀಜ: ಹೆಸರು, ಪೋಷಣೆ ಮತ್ತು ಕರಾವಳಿಯ ಪಾಕಪರಂಪರೆ

ಕರ್ನಾಟಕದ ಕರಾವಳಿಯ ಕೃಷಿ ಹಾಗೂ ವಾಣಿಜ್ಯವನ್ನು ಕುರಿತ ಬರಹಗಳಲ್ಲಿ ಗೇರುಬೀಜವು ಬಹುಮಟ್ಟಿಗೆ ರಫ್ತಿನ ಸರಕಾಗಿಯೇ ಕಾಣಿಸಿಕೊಳ್ಳುತ್ತದೆ. ತೋಪುಗಳ ವಿಸ್ತೀರ್ಣ, ಕಾರ್ಖಾನೆಗಳ ಸಂಖ್ಯೆ, ತಿರುಳಿನ ದರ್ಜೆ, ವಿದೇಶಿ ವಿನಿಮಯದ ಗಳಿಕೆ ಮೊದಲಾದ ವಿಷಯಗಳು ಅಲ್ಲಿ ಪ್ರಧಾನವಾಗುತ್ತವೆ. ಅದೇ ಪ್ರದೇಶದ ಮನೆಗಳಲ್ಲಿ ಈ ಮರದ ಫಲವು ಆಹಾರವಾಗಿ ಹೇಗೆ ಬಳಕೆಯಾಗುತ್ತ ಬಂದಿದೆ, ಯಾವ ಹಂತದಲ್ಲಿ ಅದರ ಯಾವ ಭಾಗವನ್ನು ಜನ ತಿನ್ನುತ್ತಾರೆ, ಆ ಬಳಕೆಗೂ ಪೋಷಣಶಾಸ್ತ್ರದ ತಿಳಿವಳಿಕೆಗೂ ಇರುವ ಸಂಬಂಧವೇನು ಎಂಬ ಪ್ರಶ್ನೆಗಳಿಗೆ ದೊರೆತ ಗಮನ ಕಡಿಮೆ. ಈ ಪ್ರಶ್ನೆಗಳನ್ನು ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮಾರುಕಟ್ಟೆಯು ಗೇರಿನ ಫಲದಿಂದ ಬಲಿತ ತಿರುಳೊಂದನ್ನೇ ಆಯ್ದುಕೊಳ್ಳುತ್ತದೆ. ಕರಾವಳಿಯ ಅಡುಗೆಯಾದರೋ ಎಳೆಬೀಜ, ಬಲಿತ ಬೀಜ, ಮೊಳೆತ ಬೀಜ ಮತ್ತು ಹಣ್ಣು ಎಂಬ ನಾಲ್ಕು ರೂಪಗಳಲ್ಲಿ ಅದನ್ನು ಬಳಸುವುದನ್ನು ಕಂಡುಕೊಂಡಿದೆ. ಪೋಷಕಾಂಶಗಳ ದೃಷ್ಟಿಯಿಂದ ನೋಡಿದಾಗ ಈ ಎರಡನೆಯ ದಾರಿಯೇ ಹೆಚ್ಚು ಪೂರ್ಣವಾದುದೆಂದು ತಿಳಿದುಬರುತ್ತದೆ.

ಹೆಸರಿನ ಹಿಂದಿನ ನಂಟು

ಗೇರುಮರದ ಮೂಲನೆಲೆ ದಕ್ಷಿಣ ಅಮೆರಿಕದ ಬ್ರೆಜಿಲ್. ಅಲ್ಲಿನ ತುಪಿ ಜನರ ‘ಅಕಾಜು’ ಎಂಬ ಪದವು ಪೋರ್ಚುಗೀಸರ ಬಾಯಲ್ಲಿ ‘ಕಾಜು’ ಎಂದಾಯಿತು. ಫ್ರಾನ್ಸಿನ ಆಂದ್ರೆ ಥೆವೆ ಎಂಬ ಪ್ರವಾಸಿಯು 1558ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬ್ರೆಜಿಲಿನ ಈ ಮರದ ವಿವರಣೆಯಿದೆ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಇದನ್ನು ಭಾರತದ ಪಶ್ಚಿಮ ಕರಾವಳಿಗೆ ತಂದರು. 1578ರಲ್ಲಿ ಪ್ರಕಟವಾದ ಕ್ರಿಸ್ಟೋವಾವೊ ದ ಕೋಸ್ಟನ ಗ್ರಂಥದಲ್ಲಿ ಕೊಚ್ಚಿಯ ತೋಟಗಳಲ್ಲಿ ಈ ಮರವಿದ್ದುದರ ಉಲ್ಲೇಖ ದೊರೆಯುತ್ತದೆ. ಅದು ಎಲ್ಲೆಡೆಯೂ ಬೆಳೆಯುವ ಮರವಾಗಿರಲಿಲ್ಲವೆಂಬುದೂ ಅದೇ ಉಲ್ಲೇಖದಿಂದ ತಿಳಿಯುತ್ತದೆ.

ಹೊರಗಿನಿಂದ ಬಂದ ಈ ಮರವನ್ನು ಬೇರೆ ಬೇರೆ ಭಾಷೆಗಳು ಬೇರೆ ಬೇರೆ ರೀತಿಯಲ್ಲಿ ಸ್ವೀಕರಿಸಿವೆ. ಹಿಂದಿಯು ‘ಕಾಜು’ ಎಂಬ ಹೆಸರನ್ನು ಹಾಗೆಯೇ ಎರವಲು ಪಡೆಯಿತು. ಮಲಯಾಳದಲ್ಲಿ ಬಳಕೆಯಲ್ಲಿರುವ ‘ಪರಂಗಿಮಾವು’ ಎಂಬ ಹೆಸರು ಅದನ್ನು ತಂದವರ ನೆನಪನ್ನು ಉಳಿಸಿಕೊಂಡಿದೆ. ಕನ್ನಡವು ಹಿಡಿದ ದಾರಿ ಇವೆರಡಕ್ಕಿಂತ ಭಿನ್ನವಾದುದು. ಗೇರು, ಕೇರು, ಕರಿಗೇರು ಎಂಬ ಹೆಸರುಗಳಿಂದ ಕರೆಯಲಾಗುವ ಸ್ಥಳೀಯ ಮರವೊಂದು ನಮ್ಮ ಕಾಡುಗಳಲ್ಲಿದೆ. ಸಂಸ್ಕೃತದ ವೈದ್ಯಗ್ರಂಥಗಳ ‘ಭಲ್ಲಾತಕ’ ಇದೇ. ಇದರ ಕಾಯಿಯ ಕಪ್ಪು ರಸದಿಂದ ಅಗಸರು ಬಟ್ಟೆಗಳ ಮೇಲೆ ಗುರುತು ಹಾಕುತ್ತಿದ್ದರು. ಮರಾಠಿಯಲ್ಲಿ ಈ ಕಾಯಿಗೆ ‘ಬಿಬ್ಬಾ’ ಎಂದೂ ಅದರ ತಿನ್ನಲು ಯೋಗ್ಯವಾದ ಒಳತಿರುಳಿಗೆ ‘ಗೋಡಂಬಿ’ ಎಂದೂ ಹೆಸರು. ಕನ್ನಡದಲ್ಲಿ ಇಂದು ಹೊಸ ಮರದ ಹೆಸರು ‘ಗೇರು’, ಅದರ ತಿರುಳಿನ ಹೆಸರು ‘ಗೋಡಂಬಿ’. ಕೊಂಕಣಿಯಲ್ಲಿ ಅದರ ಬೀಜ ‘ಬಿಬ್ಬೊ’. ಮೂರೂ ಪದಗಳು ಹಳೆಯ ಕಾಡುಮರದ ವಲಯಕ್ಕೆ ಸೇರಿದವು.

ಸಸ್ಯಶಾಸ್ತ್ರದ ನಾಮಕರಣದಲ್ಲಿಯೂ ಇಂಥದೇ ಸ್ಥಿತ್ಯಂತರ ನಡೆದಿರುವುದು ಕುತೂಹಲಕರ. ಯುರೋಪಿನ ಔಷಧ ವ್ಯಾಪಾರಿಗಳು ‘ಅನಕಾರ್ಡಿಯಂ’ ಎಂದು ಮೊದಲು ಕರೆಯುತ್ತಿದ್ದುದು ಭಾರತದ ಕರಿಗೇರನ್ನು. ಲಿನೇಯಸ್ 1753ರಲ್ಲಿ ಆ ಹೆಸರನ್ನು ಅಮೆರಿಕದ ಮರಕ್ಕೆ ನೀಡಿ ಅದನ್ನು ‘ಅನಕಾರ್ಡಿಯಂ ಆಕ್ಸಿಡೆಂಟೇಲ್’, ಅಂದರೆ ‘ಪಶ್ಚಿಮದ ಅನಕಾರ್ಡಿಯಂ’ ಎಂದು ಕರೆದನು. ಕರಿಗೇರು ಮುಂದೆ ‘ಸೆಮೆಕಾರ್ಪಸ್’, ಅಂದರೆ ‘ಗುರುತು ಹಾಕುವ ಕಾಯಿ’ ಎಂಬ ಅರ್ಥದ ಹೆಸರನ್ನು ಪಡೆಯಿತು. ಮಾವು ಮತ್ತು ಪಿಸ್ತಾಗಳನ್ನೂ ಒಳಗೊಂಡ ಒಂದೇ ಕುಟುಂಬಕ್ಕೆ ಇವೆರಡೂ ಸೇರಿವೆ.

ಈ ಹೆಸರಿಡುವಿಕೆಯ ಹಿಂದೆ ಕೇವಲ ಹೊರರೂಪದ ಹೋಲಿಕೆಯಿಲ್ಲ. ಎರಡರಲ್ಲಿಯೂ ಉಬ್ಬಿದ ತೊಟ್ಟಿನ ತುದಿಯಲ್ಲಿ ಕಾಯಿ ಕುಳಿತಿರುತ್ತದೆ. ಎರಡರಲ್ಲಿಯೂ ಆ ಉಬ್ಬಿದ ಭಾಗವನ್ನು ತಿನ್ನಬಹುದು. ಎರಡರ ಸಿಪ್ಪೆಯಲ್ಲಿಯೂ ಚರ್ಮವನ್ನು ಸುಟ್ಟು ಬೊಬ್ಬೆಯೆಬ್ಬಿಸುವ ರಸವಿದೆ. ಎರಡರ ಒಳಗಿನ ತಿರುಳೂ ರುಚಿಕರವಾದುದು. ಕರಿಗೇರಿನ ಸಿಪ್ಪೆಯಿಂದ ತಿರುಳನ್ನು ಅಪಾಯವಿಲ್ಲದೆ ಬೇರ್ಪಡಿಸಲು ತಿಳಿದಿದ್ದ ಜನರಿಗೆ ಹೊಸ ಮರದ ಬೀಜವನ್ನು ನಿಭಾಯಿಸುವುದು ತೀರ ಅಪರಿಚಿತ ವಿದ್ಯೆಯಾಗಿರಲಿಲ್ಲವೆಂದು ಊಹಿಸಲು ಇಲ್ಲಿ ಅವಕಾಶವಿದೆ. ಹಳೆಯ ಹೆಸರಿನೊಂದಿಗೆ ಹಳೆಯ ಎಚ್ಚರಿಕೆಯೂ ಹೊಸ ಫಲಕ್ಕೆ ವರ್ಗಾವಣೆಗೊಂಡಿತು ಎನ್ನಬಹುದು.

ಫಲದ ರಚನೆ ಮತ್ತು ಸಿಪ್ಪೆಯ ಸೊನೆ

ರೂಢಿಯಲ್ಲಿ ಗೇರುಹಣ್ಣು ಎಂದು ಕರೆಯಲಾಗುವ ಭಾಗವು ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ನಿಜವಾದ ಹಣ್ಣಲ್ಲ. ಅದು ರಸ ತುಂಬಿ ಉಬ್ಬಿದ ತೊಟ್ಟು. ಅದರ ತುದಿಗೆ ಅಂಟಿಕೊಂಡಿರುವ ಬೂದುಬಣ್ಣದ ಬೀಜವೇ ನಿಜವಾದ ಫಲ. ಮೊದಲು ಬೆಳೆಯುವುದು ಬೀಜ. ಅದು ತನ್ನ ಪೂರ್ಣ ಗಾತ್ರವನ್ನು ಪಡೆದ ಮೇಲೆ ತೊಟ್ಟು ಉಬ್ಬಲಾರಂಭಿಸಿ ಹಳದಿ ಅಥವಾ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಕರಾವಳಿಯಲ್ಲಿ ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ ಹೂ ಬಿಟ್ಟು, ಫೆಬ್ರವರಿಯಿಂದ ಮೇ ತಿಂಗಳವರೆಗೆ ಕೊಯ್ಲು ನಡೆಯುತ್ತದೆ. ಬೀಜ ಮೊದಲು, ಹಣ್ಣು ಅನಂತರ ಎಂಬ ಈ ಬೆಳವಣಿಗೆಯ ಕ್ರಮವೇ ಋತುವಿಗೆ ತಕ್ಕ ಅಡುಗೆಯ ಕ್ರಮವನ್ನೂ ನಿರ್ಧರಿಸಿದೆ.

ಬೀಜದ ಹೊರಸಿಪ್ಪೆಯು ಎರಡು ಪದರಗಳ ನಡುವೆ ಜೇನುಗೂಡಿನಂತಹ ಭಾಗವನ್ನು ಹೊಂದಿದೆ. ಅದರಲ್ಲಿ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಮೊದಲಾದ ರಾಸಾಯನಿಕಗಳಿಂದ ಕೂಡಿದ ದಟ್ಟ ಎಣ್ಣೆ ತುಂಬಿರುತ್ತದೆ. ಚರ್ಮಕ್ಕೆ ತಾಗಿದರೆ ಸುಡುವ ಈ ಎಣ್ಣೆಯು ಮರಮುಟ್ಟು ಹಾಗೂ ದೋಣಿಗಳಿಗೆ ಲೇಪಿಸಲು ಹಿಂದಿನಿಂದಲೂ ಬಳಕೆಯಲ್ಲಿದ್ದು, ಬಣ್ಣ, ರಾಳ ಮತ್ತು ವಾಹನಗಳ ಬ್ರೇಕ್ ಪಟ್ಟಿಗಳ ತಯಾರಿಕೆಯಲ್ಲಿ ಉಪಯೋಗವಾಗುತ್ತದೆ. ಗೇರುಬೀಜವನ್ನು ಇತರ ಬೀಜಗಳಂತೆ ಒಡೆದು ನೇರವಾಗಿ ತಿನ್ನಲಾಗದಿರುವುದಕ್ಕೆ ಇದೇ ಕಾರಣ. ಅಂಗಡಿಗಳಲ್ಲಿ ‘ಹಸಿ ಗೋಡಂಬಿ’ ಎಂದು ದೊರೆಯುವ ಬಿಳಿಯ ತಿರುಳು ಕೂಡ ಹಬೆಯಲ್ಲಿ ಬೇಯಿಸಿದ ಅಥವಾ ಹುರಿದ ಬೀಜದಿಂದ ಬಂದುದು. ಅನಂತರ ಅದನ್ನು ಬಿಸಿಗಾಳಿಯಲ್ಲಿ ಒಣಗಿಸಿರುತ್ತಾರೆ.

ಮಂಗಳೂರಿನಲ್ಲಿ ಈ ಸಂಸ್ಕರಣೆಯು 1920ರ ದಶಕದಿಂದ ಉದ್ಯಮವಾಗಿ ಬೆಳೆಯಿತು. ಬೀಜ ಒಡೆಯುವುದು, ತಿರುಳಿನ ಕೆಂಪು ಒಳಸಿಪ್ಪೆಯನ್ನು ಸುಲಿಯುವುದು, ದರ್ಜೆವಾರು ವಿಂಗಡಿಸುವುದು ಇವೆಲ್ಲವೂ ಬಹುಕಾಲ ಕೈಗೆಲಸಗಳಾಗಿದ್ದವು. ಯಂತ್ರಗಳು ಬಂದ ಅನಂತರವೂ ಕೈಗೆಲಸ ಪೂರ್ಣವಾಗಿ ನಿಂತಿಲ್ಲ. ಈ ಕೆಲಸಗಾರರಲ್ಲಿ ಬಹುಪಾಲು ಮಹಿಳೆಯರು. ಸೊನೆಯಿಂದ ಬೆರಳುಗಳನ್ನು ಉಳಿಸಿಕೊಳ್ಳಲು ಬೂದಿ ಅಥವಾ ಹರಳೆಣ್ಣೆಯನ್ನು ಕೈಗೆ ಸವರಿಕೊಳ್ಳುವ ಪದ್ಧತಿಯು ಮನೆಯಂಗಳದಿಂದ ಕಾರ್ಖಾನೆಗೂ ಬಂದಿದೆ. ಬೀಜದ ತೂಕದಲ್ಲಿ ತಿರುಳಿನ ಪಾಲು ಸುಮಾರು ಶೇ. 25ರಿಂದ 30 ಮಾತ್ರ. ಆದ್ದರಿಂದ ಒಂದು ಕಿಲೋ ತಿರುಳಿಗೆ ಮೂರೂವರೆಯಿಂದ ನಾಲ್ಕು ಕಿಲೋ ಬೀಜ ಬೇಕಾಗುತ್ತದೆ.

ತಿರುಳಿನ ಪೋಷಕಾಂಶಗಳು

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪಟ್ಟಿಗಳನ್ನೂ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಗಳನ್ನೂ ಹೋಲಿಸಿದಾಗ ಅಂಕಿಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಕಂಡುಬಂದರೂ ಒಟ್ಟು ಚಿತ್ರ ಒಂದೇ ಆಗಿದೆ. 100 ಗ್ರಾಂ ಗೇರುತಿರುಳಿನಲ್ಲಿ 550ರಿಂದ 600 ಕಿಲೋಕ್ಯಾಲರಿ ಶಕ್ತಿ, 18ರಿಂದ 21 ಗ್ರಾಂ ಪ್ರೋಟೀನು, 44ರಿಂದ 47 ಗ್ರಾಂ ಕೊಬ್ಬು ಇರುತ್ತದೆ. ಉಳಿದುದರಲ್ಲಿ ಹೆಚ್ಚಿನ ಭಾಗ ಪಿಷ್ಟ ಮತ್ತು ಸಕ್ಕರೆ. ನಾರಿನ ಅಂಶ ಬಾದಾಮಿಗೆ ಹೋಲಿಸಿದರೆ ಕಡಿಮೆ.

ಕೊಬ್ಬಿನ ಪ್ರಮಾಣ ಹೆಚ್ಚೆಂಬ ಕಾರಣಕ್ಕೆ ಗೇರುಬೀಜವು ಹೃದಯಕ್ಕೆ ಕೆಟ್ಟದೆಂಬ ಭಾವನೆ ಜನರಲ್ಲಿದೆ. ಅದರಲ್ಲಿ ಕೊಲೆಸ್ಟರಾಲ್ ಇದೆಯೆಂಬ ಮಾತೂ ಕೇಳಿಬರುತ್ತದೆ. ಕೊಲೆಸ್ಟರಾಲ್ ಮುಖ್ಯವಾಗಿ ಪ್ರಾಣಿಜನ್ಯ ಆಹಾರದ ಅಂಶವಾದ್ದರಿಂದ ಗೇರಿನಲ್ಲಿ ಅದು ಇಲ್ಲವೆಂದೇ ಹೇಳಬೇಕು. ಗೇರಿನ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆಲಿವ್ ಎಣ್ಣೆಯಲ್ಲಿಯೂ ಪ್ರಧಾನವಾಗಿರುವ ಒಲೀಕ್ ಆಮ್ಲದ ವರ್ಗಕ್ಕೆ ಸೇರಿದ ಅಪರ್ಯಾಪ್ತ ಕೊಬ್ಬು. ಪರ್ಯಾಪ್ತ ಕೊಬ್ಬಿನ ಪಾಲು ಐದನೆಯ ಒಂದು ಭಾಗದಷ್ಟು. ಹಾಗೆಂದು ಅದನ್ನು ಮಿತಿಯಿಲ್ಲದೆ ತಿನ್ನಬಹುದೆಂದು ಅರ್ಥವಲ್ಲ. ಪ್ರಶ್ನೆ ಇರುವುದು ಕೊಬ್ಬಿನ ಜಾತಿಯಲ್ಲಿ ಮಾತ್ರವಲ್ಲ, ಒಟ್ಟು ಶಕ್ತಿಯ ಪ್ರಮಾಣದಲ್ಲಿಯೂ ಹೌದು.

ಪ್ರಮಾಣವನ್ನು ಮನೆಯ ಅಳತೆಯಲ್ಲಿ ಹೀಗೆ ತಿಳಿಯಬಹುದು. ವ್ಯಾಪಾರದಲ್ಲಿ ‘ಡಬ್ಲ್ಯು 320’ ಎಂಬ ದರ್ಜೆಯಿದೆ. ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, 300ರಿಂದ 320 ಇಡೀ ತಿರುಳುಗಳು ತೂಗುತ್ತವೆ ಎಂಬುದು ಅದರ ಅರ್ಥ. ಹಾಗಾದರೆ ಒಂದು ತಿರುಳಿನ ತೂಕ ಹೆಚ್ಚುಕಡಿಮೆ ಒಂದೂವರೆ ಗ್ರಾಂ. ಇಂಥ ಹತ್ತು ತಿರುಳುಗಳಿಂದ ಸುಮಾರು 85 ಕಿಲೋಕ್ಯಾಲರಿ ಶಕ್ತಿ, ಮೂರು ಗ್ರಾಮಿನ ಆಸುಪಾಸು ಪ್ರೋಟೀನು, ಏಳು ಗ್ರಾಮಿನಷ್ಟು ಕೊಬ್ಬು ದೊರೆಯುತ್ತವೆ. ದಿನದ ಊಟದಲ್ಲಿ ಇಷ್ಟನ್ನು ಸೇರಿಸಿಕೊಳ್ಳುವುದು ಆರೋಗ್ಯವಂತರಿಗೆ ಹಿತಕರ. ಎಣ್ಣೆಯಲ್ಲಿ ಕರಿದು ಉಪ್ಪು ಬೆರೆಸಿದ ತಿರುಳಿನ ಲೆಕ್ಕ ಬೇರೆಯೇ ಆಗುತ್ತದೆ.

ಖನಿಜಾಂಶಗಳಲ್ಲಿ ತಾಮ್ರ, ಮೆಗ್ನೀಸಿಯಂ, ರಂಜಕ ಮತ್ತು ಸತುವು ಗೇರಿನಲ್ಲಿ ಸಮೃದ್ಧವಾಗಿವೆ. ಅಮೆರಿಕದ ಪಟ್ಟಿಯ ಪ್ರಕಾರ 100 ಗ್ರಾಮಿನಲ್ಲಿ ಮೆಗ್ನೀಸಿಯಂ 292 ಮಿಲಿಗ್ರಾಂ, ಕಬ್ಬಿಣ 6ರಿಂದ 7 ಮಿಲಿಗ್ರಾಂ, ಸತು 5ರಿಂದ 6 ಮಿಲಿಗ್ರಾಂ ಇವೆ. ಮೇಲೆ ಹೇಳಿದ ಹತ್ತು ತಿರುಳುಗಳಿಂದಲೇ ವಯಸ್ಕರ ದಿನದ ಮೆಗ್ನೀಸಿಯಂ ಅಗತ್ಯದ ಸುಮಾರು ಹತ್ತನೆಯ ಒಂದು ಭಾಗ ಒದಗುತ್ತದೆ. ಪ್ರೋಟೀನಿನ ಗುಣಮಟ್ಟವೂ ಗಮನಾರ್ಹ. ಅಕ್ಕಿಯ ಪ್ರೋಟೀನಿನಲ್ಲಿ ಕೊರತೆಯಾಗಿರುವ ಲೈಸೀನ್ ಎಂಬ ಅಮೈನೋ ಆಮ್ಲ ಗೇರಿನ ಪ್ರೋಟೀನಿನಲ್ಲಿ ಸಾಕಷ್ಟಿದೆ. ಅನ್ನವೇ ಪ್ರಧಾನವಾಗಿರುವ ಕರಾವಳಿಯ ಊಟಕ್ಕೆ ಈ ದೃಷ್ಟಿಯಿಂದ ಅದು ಪೂರಕ.

ಕೊರತೆಗಳೂ ಇವೆ. 100 ಗ್ರಾಂ ತಿರುಳಿನಲ್ಲಿ ಸುಣ್ಣದ ಅಂಶ 50 ಮಿಲಿಗ್ರಾಂ ಮೀರುವುದಿಲ್ಲ. ಆದುದರಿಂದ ಗೇರುಬೀಜವನ್ನು ನೆನೆಸಿ ಅರೆದು ತೆಗೆಯುವ ‘ಹಾಲು’ ಇತ್ತೀಚಿನ ವರ್ಷಗಳಲ್ಲಿ ಜನಪ್ರಿಯವಾಗಿದ್ದರೂ, ಸುಣ್ಣವನ್ನು ಬೇರೆಯಾಗಿ ಸೇರಿಸದ ಹೊರತು ಅದು ಹಸುವಿನ ಹಾಲಿನ ಸ್ಥಾನವನ್ನು ತುಂಬಲಾರದು. ‘ಸಿ’ ಜೀವಸತ್ವವು ತಿರುಳಿನಲ್ಲಿ ಬಹುತೇಕ ಇಲ್ಲ. ತಿರುಳಿನಲ್ಲಿರುವ ಫೈಟೇಟ್ ಎಂಬ ಅಂಶವು ಕಬ್ಬಿಣ ಹಾಗೂ ಸತುವು ದೇಹಗತವಾಗುವುದನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಆಕ್ಸಲೇಟ್ ಅಂಶವೂ ಇರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ವೈದ್ಯರ ಸಲಹೆಯಂತೆ ನಡೆಯುವುದು ಒಳಿತು. ಕೆಲವರಲ್ಲಿ ಗೇರುಬೀಜವು ತೀವ್ರವಾದ ಅಲರ್ಜಿಯನ್ನು ಉಂಟುಮಾಡುತ್ತದೆ. ಒಂದೇ ಕುಟುಂಬದ ಸಸ್ಯವಾದ ಪಿಸ್ತಾ ಒಗ್ಗದವರಿಗೆ ಇದೂ ಒಗ್ಗದಿರುವ ಸಾಧ್ಯತೆ ಹೆಚ್ಚು. ಎಳೆಯ ಮಕ್ಕಳಿಗೆ ಇಡೀ ತಿರುಳನ್ನು ಕೊಟ್ಟರೆ ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅರೆದು ಕೊಡುವುದು ಕ್ಷೇಮ.

ಪಾಕದಲ್ಲಿ ತಿರುಳಿನ ಕಾರ್ಯ

ಅಡುಗೆಯಲ್ಲಿ ಗೇರುತಿರುಳು ಎರಡು ಬಗೆಯ ಕೆಲಸ ಮಾಡುತ್ತದೆ. ಮೊದಲನೆಯದು ಪರಿಮಳ ಮತ್ತು ಗರಿಗರಿತನಕ್ಕೆ ಸಂಬಂಧಿಸಿದುದು. ತುಪ್ಪದಲ್ಲಿ ಹದವಾಗಿ ಹುರಿದಾಗ ತಿರುಳಿನ ಸಕ್ಕರೆ ಮತ್ತು ಪ್ರೋಟೀನುಗಳು ಶಾಖದಲ್ಲಿ ಪರಸ್ಪರ ವರ್ತಿಸಿ ಹೊಂಬಣ್ಣವನ್ನೂ ವಿಶಿಷ್ಟ ಸುವಾಸನೆಯನ್ನೂ ಉಂಟುಮಾಡುತ್ತವೆ. ಪಾಯಸ, ಕೇಸರಿಬಾತು, ಉಪ್ಪಿಟ್ಟು, ಪೊಂಗಲು, ಬಿಸಿಬೇಳೆಬಾತುಗಳಿಗೆ ಕೊನೆಯಲ್ಲಿ ತುಪ್ಪದೊಡನೆ ಸೇರಿಸುವ ಗೋಡಂಬಿಯದು ಈ ಪಾತ್ರ. ಹುರಿಯುವಾಗ ಬಣ್ಣವು ಬಹುಬೇಗ ಏರುವುದರಿಂದ ಕಂದು ಬಣ್ಣಕ್ಕೆ ತಿರುಗುವ ಮುನ್ನವೇ ಒಲೆಯಿಂದ ಇಳಿಸುವುದು ಅನುಭವಿಗಳ ರೂಢಿ. ಇಳಿಸಿದ ಮೇಲೂ ಕಾದ ತುಪ್ಪದಲ್ಲಿ ಬಣ್ಣವೇರುವುದು ನಿಲ್ಲುವುದಿಲ್ಲ.

ಎರಡನೆಯದು ಮಂದಗೊಳಿಸುವ ಕೆಲಸ. ಬಾದಾಮಿ, ಅಕ್ರೋಟು ಮೊದಲಾದವುಗಳಲ್ಲಿ ಪಿಷ್ಟ ಅತ್ಯಲ್ಪ. ಗೇರಿನಲ್ಲಿಯಾದರೋ ಅದು ತೂಕದ ಸುಮಾರು ಐದನೆಯ ಒಂದು ಭಾಗದಷ್ಟಿದೆ. ನೆನೆಸಿ ನುಣ್ಣಗೆ ಅರೆದ ಗೇರು ಬಿಸಿಯಾದಾಗ ಈ ಪಿಷ್ಟವು ನೀರನ್ನು ಹೀರಿ ಉಬ್ಬುತ್ತದೆ. ತಿರುಳಿನ ಕೊಬ್ಬು ಸಣ್ಣ ಹನಿಗಳಾಗಿ ಅದರಲ್ಲಿ ಹರಡಿಕೊಳ್ಳುತ್ತದೆ. ಕೂರ್ಮ ಮತ್ತು ಮೇಲೋಗರಗಳಿಗೆ ಕೆನೆಯಂತಹ ಮಂದತೆ ಬರುವುದು ಹೀಗೆ. ಆದಕಾರಣ ಗೇರಿನ ಅರಪನ್ನು ಸೇರಿಸಿದ ಮೇಲೆ ಪಾತ್ರೆಯ ತಳ ಹಿಡಿಯದಂತೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಬೇಕಾಗುತ್ತದೆ. ಕಾಜು ಬರ್ಫಿಯಲ್ಲಿ ಗೇರಿನ ಪುಡಿ ಹಾಗೂ ಸಕ್ಕರೆಪಾಕ ಸೇರಿ ಹಿಟ್ಟಿನಂತೆ ಮುದ್ದೆಯಾಗುವುದಕ್ಕೂ ಈ ಪಿಷ್ಟ ನೆರವಾಗುತ್ತದೆ. ಪುಡಿಮಾಡುವಾಗ ಯಂತ್ರವನ್ನು ಬಹಳ ಹೊತ್ತು ಓಡಿಸಿದರೆ ಎಣ್ಣೆ ಬಿಟ್ಟುಕೊಂಡು ಬರ್ಫಿಯ ಹದ ಕೆಡುವುದೂ ತಿರುಳಿನ ರಚನೆಯಿಂದಲೇ ವಿವರಿಸಬಹುದಾದ ಸಂಗತಿ.

ಅರಪಿಗೆ ಇಡೀ ತಿರುಳು ಬೇಕಾಗಿಲ್ಲ. ವ್ಯಾಪಾರದಲ್ಲಿ ಕಡಿಮೆ ಬೆಲೆಗೆ ದೊರೆಯುವ ಹೋಳು, ತುಂಡು ಮತ್ತು ನುಚ್ಚುಗಳಲ್ಲಿಯೂ ಅವೇ ಪೋಷಕಾಂಶಗಳಿರುತ್ತವೆ. ಇಡಿಯಾದ ಬಿಳಿಯ ತಿರುಳಿಗೆ ಸಲ್ಲುವ ಹೆಚ್ಚಿನ ಬೆಲೆಯು ಅದರ ಅಂದಕ್ಕೂ ಒಡೆಯದಂತೆ ಸುಲಿದ ಕೈಗಳ ಕೌಶಲಕ್ಕೂ ಸಲ್ಲುವ ಬೆಲೆಯೇ ಹೊರತು ಪೋಷಣೆಯದಲ್ಲ. ನುಚ್ಚನ್ನು ಕೊಳ್ಳುವವರು ಒಂದು ಎಚ್ಚರ ವಹಿಸಬೇಕು. ಒಡೆದ ಮೇಲ್ಮೈ ಹೆಚ್ಚಾದಂತೆ ಕೊಬ್ಬು ಗಾಳಿಗೆ ಒಡ್ಡಿಕೊಂಡು ಬೇಗನೆ ಕನರುತ್ತದೆ. ಆದ್ದರಿಂದ ಗಾಳಿಯಾಡದ ಡಬ್ಬಿಯಲ್ಲಿ ತಂಪಾದೆಡೆ ಇಟ್ಟು ಕಡಿಮೆ ಅವಧಿಯಲ್ಲಿ ಬಳಸಬೇಕು.

ಎಳೆಬೀಜದ ಅಡುಗೆ

ಮೇಲೆ ಹೇಳಿದ ಬಳಕೆಗಳು ಇಂದು ದೇಶದಾದ್ಯಂತ ಸಾಮಾನ್ಯ. ಗೇರು ಬೆಳೆಯುವ ಪ್ರದೇಶಕ್ಕೆ ಮಾತ್ರ ವಿಶಿಷ್ಟವಾದುದು ಎಳೆಬೀಜದ ಅಡುಗೆ. ಸಿಪ್ಪೆ ಇನ್ನೂ ಹಸಿರಾಗಿದ್ದು, ತಿರುಳು ಮೃದುವಾಗಿರುವ ಹಂತದಲ್ಲಿ ಬೀಜವನ್ನು ಕೊಯ್ಯುತ್ತಾರೆ. ಕೈಗೆ ಎಣ್ಣೆ ಹಚ್ಚಿಕೊಂಡು, ಬೀಜವನ್ನು ಉದ್ದಕ್ಕೆ ಸೀಳಿ, ಚೂಪಾದ ಕಡ್ಡಿಯಿಂದ ಅಥವಾ ಕತ್ತಿಯ ತುದಿಯಿಂದ ತಿರುಳನ್ನು ಮೀಟಿ ತೆಗೆದು ನೀರಿಗೆ ಹಾಕುತ್ತಾರೆ. ಅನಂತರ ಒಳಸಿಪ್ಪೆಯನ್ನು ಸುಲಿದು ಹಲವು ನೀರಿನಲ್ಲಿ ತೊಳೆಯುತ್ತಾರೆ. ಸೊನೆ ತಗುಲಿದ ಬೆರಳುಗಳು ಕಪ್ಪಾಗಿ ಚರ್ಮ ಸುಲಿಯುವುದು ಈ ಋತುವಿನ ಸಾಮಾನ್ಯ ಅನುಭವ. ಪೇಟೆಯಲ್ಲಿ ಎಳೆಬೀಜದ ಬೆಲೆ ಹೆಚ್ಚಾಗಿರುವುದಕ್ಕೆ ಈ ಶ್ರಮವೂ ಒಂದು ಕಾರಣ.

ತುಳುವರ ‘ಮನೋಳಿ ಬೀಜ’ ಹಾಗೂ ಕೊಂಕಣಿಗರ ‘ತೆಂಡ್ಲೆ ಬಿಬ್ಬೊ ಉಪ್ಕರಿ’ ಈ ಬಗೆಯ ಅಡುಗೆಗಳಲ್ಲಿ ಪ್ರಸಿದ್ಧವಾದವು. ಎರಡರಲ್ಲಿಯೂ ತೊಂಡೆಕಾಯಿ ಮತ್ತು ಎಳೆಯ ಗೇರುಬೀಜಗಳ ಜೊತೆಗಾರಿಕೆಯಿದೆ. ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಹಾಗೂ ಹಸಿ ತೆಂಗಿನತುರಿ ಇದರ ಮುಖ್ಯ ವ್ಯಂಜನಗಳು. ಮಸಾಲೆ ಕಡಿಮೆಯಿರುವುದರಿಂದ ಎಳೆಬೀಜದ ಸಿಹಿಯಾದ ಹಾಲುರುಚಿ ಮರೆಯಾಗುವುದಿಲ್ಲ. ತುಳುನಾಡಿನ ಬಿಸು ಹಬ್ಬ ಮತ್ತು ಕೊಂಕಣಿಗರ ಸಂಸಾರ ಪಾಡ್ವ, ಅಂದರೆ ಯುಗಾದಿ, ಈ ಋತುವಿನಲ್ಲಿಯೇ ಬರುವುದರಿಂದ ಹಬ್ಬದ ಎಲೆಯಲ್ಲಿ ಎಳೆಬೀಜಕ್ಕೆ ಸ್ಥಾನ ದೊರೆತಿದೆ. ಮದುವೆಯ ಊಟಗಳಲ್ಲಿಯೂ ಇದು ಗೌರವದ ಪದಾರ್ಥ. ಎಳೆಬೀಜ ದೊರೆಯದ ತಿಂಗಳುಗಳಲ್ಲಿ ಒಣತಿರುಳನ್ನು ರಾತ್ರಿಯಿಡೀ ನೆನೆಸಿ ಬಳಸುವುದುಂಟು. ಪದಾರ್ಥದ ಹೆಸರು ಉಳಿಯುತ್ತದೆಯಾದರೂ ರುಚಿ ಅದೇ ಆಗಿರುವುದಿಲ್ಲ.

ಪೋಷಣೆಯ ದೃಷ್ಟಿಯಿಂದ ಎಳೆಬೀಜದಲ್ಲಿ ನೀರಿನ ಅಂಶ ಹೆಚ್ಚು. ಆದುದರಿಂದ ಅದೇ ತೂಕದ ಒಣತಿರುಳಿಗಿಂತ ಕೊಬ್ಬು ಮತ್ತು ಶಕ್ತಿಯ ಪ್ರಮಾಣ ಕಡಿಮೆ. ತರಕಾರಿಯೊಡನೆ ತರಕಾರಿಯಂತೆಯೇ ಅದನ್ನು ಬೇಯಿಸುವ ರೂಢಿ ಈ ಗುಣಕ್ಕೆ ಹೊಂದಿಕೊಂಡಿದೆ. ಬಲಿತ ಬೀಜವನ್ನು ಬಳಸುವಾಗ ಪದ್ಧತಿ ಬದಲಾಗುತ್ತದೆ. ಕಡಲೆಬೇಳೆ, ಬೆಲ್ಲ ಹಾಗೂ ತೆಂಗಿನಹಾಲಿನಿಂದ ಮಾಡುವ ಕೊಂಕಣಿಗರ ‘ಮಡ್ಗಣೆ’ಯಲ್ಲಿ, ಉಡುಪಿಯ ‘ಹಯಗ್ರೀವ’ದಲ್ಲಿ, ಮಂಗಳೂರಿನ ಕ್ರೈಸ್ತರು ಕ್ರಿಸ್ಮಸ್ ಕಾಲದಲ್ಲಿ ಮಾಡುವ ‘ನೆವ್ರಿ’ಯ ಹೂರಣದಲ್ಲಿ ಗೇರು ಅಲ್ಪ ಪ್ರಮಾಣದಲ್ಲಿ ಬೇಳೆ, ಎಳ್ಳು, ತೆಂಗುಗಳ ಸಂಗಡ ಬರುತ್ತದೆ.

ಮೂರನೆಯ ರೂಪ ಮೊಳೆತ ಬೀಜ. ಕೊಯ್ಲಿನಲ್ಲಿ ಕಣ್ತಪ್ಪಿ ತರಗೆಲೆಯ ಅಡಿಯಲ್ಲಿ ಉಳಿದ ಬೀಜಗಳು ಮುಂಗಾರಿನ ಮೊದಲ ಮಳೆಗಳಿಗೆ ಮೊಳೆಯುತ್ತವೆ. ಮೊಳಕೆಯು ಸಿಪ್ಪೆಯನ್ನು ತಾನೇ ಬಿರಿದು ಹೊರಬರುವುದರಿಂದ ಅದರ ದಪ್ಪನೆಯ ಬೀಜದಳಗಳನ್ನು ಸುಲಭವಾಗಿ ಬಿಡಿಸಿಕೊಳ್ಳಬಹುದು. ಇವನ್ನು ತೊಳೆದು ಹಾಗೆಯೇ ತಿನ್ನುವ ಅಥವಾ ಪಲ್ಯ ಮಾಡುವ ರೂಢಿ ಕರಾವಳಿಯಲ್ಲಿದೆ. ಮೊಳಕೆಯೊಡೆಯುವಾಗ ಕಾಳುಗಳಲ್ಲಿ ಫೈಟೇಟ್ ಅಂಶ ತಗ್ಗುವುದೆಂಬುದು ಪೋಷಣಶಾಸ್ತ್ರದ ಸಾಮಾನ್ಯ ತತ್ತ್ವ. ಯಾರ ಲೆಕ್ಕಕ್ಕೂ ಸೇರದೆ ಉಳಿದ ಬೀಜವು ಮಳೆಗಾಲದ ಆರಂಭದಲ್ಲಿ, ತರಕಾರಿ ವಿರಳವಾಗುವ ಹೊತ್ತಿಗೆ, ಬಡವರ ಮನೆಗೂ ದೊರೆಯುತ್ತಿದ್ದ ಆಹಾರವಾಗಿತ್ತು.

ಗೇರುಹಣ್ಣು: ಲೆಕ್ಕಕ್ಕೆ ಬಾರದ ಆಹಾರ

ಗೇರುಹಣ್ಣಿನ ತೂಕ ಬೀಜದ ತೂಕದ ಐದರಿಂದ ಹತ್ತು ಪಟ್ಟು. ಅದರ 100 ಮಿಲಿಲೀಟರ್ ರಸದಲ್ಲಿ ಸುಮಾರು 200 ಮಿಲಿಗ್ರಾಂ ಹಾಗೂ ಕೆಲವು ತಳಿಗಳಲ್ಲಿ ಅದಕ್ಕೂ ಹೆಚ್ಚು ‘ಸಿ’ ಜೀವಸತ್ವವಿರುತ್ತದೆ. ಕಿತ್ತಳೆಯ ರಸದಲ್ಲಿರುವುದು ಸುಮಾರು 50 ಮಿಲಿಗ್ರಾಂ. ನೆಲ್ಲಿಕಾಯಿಯಷ್ಟಲ್ಲದಿದ್ದರೂ ಪೇರಳೆಗೆ ಸರಿಸಮನಾಗಿ ನಿಲ್ಲಬಲ್ಲ ಹಣ್ಣು ಇದು. ಬೀಜದ ತಿರುಳಿನಲ್ಲಿ ಯಾವ ಜೀವಸತ್ವ ಇಲ್ಲವೋ ಅದೇ ಜೀವಸತ್ವ ಹಣ್ಣಿನಲ್ಲಿ ಹೇರಳವಾಗಿದೆಯೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಸಸ್ಯಮೂಲದ ಕಬ್ಬಿಣವು ದೇಹಗತವಾಗಲು ‘ಸಿ’ ಜೀವಸತ್ವ ನೆರವಾಗುವುದರಿಂದ, ಒಂದೇ ಫಲದ ಎರಡು ಭಾಗಗಳು ಪೋಷಣೆಯಲ್ಲಿ ಪರಸ್ಪರ ಪೂರಕವಾಗಿವೆ.

ಆದರೂ ಹಣ್ಣಿನ ಬಹುಭಾಗ ತೋಪಿನಲ್ಲಿಯೇ ಕೊಳೆಯುತ್ತದೆ. ಇದಕ್ಕೆ ಕಾರಣಗಳು ಸ್ಪಷ್ಟ. ಚೆನ್ನಾಗಿ ಬಲಿತ ಬೀಜಕ್ಕಾಗಿ ಹಣ್ಣು ತಾನಾಗಿ ಉದುರುವವರೆಗೆ ಕಾಯುತ್ತಾರೆ; ಬಿದ್ದ ಹಣ್ಣು ಜಜ್ಜಿಹೋಗಿ ಒಂದು ದಿನದೊಳಗೆ ಹುಳಿಯಲಾರಂಭಿಸುತ್ತದೆ. ತೆಳುವಾದ ಸಿಪ್ಪೆಯ ಈ ಹಣ್ಣನ್ನು ದೂರದ ಪೇಟೆಗೆ ಸಾಗಿಸುವುದು ಕಷ್ಟ. ಹಣ್ಣಿನಲ್ಲಿರುವ ಟ್ಯಾನಿನ್ ಗಂಟಲಿಗೆ ಒಗರನ್ನೂ ಕೆರೆತವನ್ನೂ ಉಂಟುಮಾಡುತ್ತದೆ. ಒಂದು ಕಿಲೋ ತಿರುಳು ಮಾರುಕಟ್ಟೆಗೆ ಬರುವಾಗ, ಮೇಲಿನ ಪ್ರಮಾಣಗಳಂತೆ, ಇಪ್ಪತ್ತರಿಂದ ನಲವತ್ತು ಕಿಲೋ ಹಣ್ಣು ಎಲ್ಲಿಯೋ ಬಿದ್ದಿರುತ್ತದೆ.

ಒಗರನ್ನು ನೀಗುವ ಉಪಾಯಗಳು ಮನೆಗಳಲ್ಲಿ ಹಿಂದಿನಿಂದಲೂ ಇವೆ. ಹಣ್ಣನ್ನು ಹೋಳುಮಾಡಿ ಉಪ್ಪು, ಮೆಣಸಿನಪುಡಿ ಸವರಿ ತಿನ್ನುವುದು ಸರಳವಾದ ಕ್ರಮ. ಬೆಂಕಿಯ ಸಂಪರ್ಕವಿಲ್ಲದ್ದರಿಂದ ಜೀವಸತ್ವವೂ ಇದರಲ್ಲಿ ಉಳಿಯುತ್ತದೆ. ಬೆಲ್ಲ, ಹುಳಿ, ಮೆಣಸು ಸೇರಿಸಿ ಗೊಜ್ಜು ಮಾಡುವುದೂ ಉಂಟು. ಬೇಯಿಸಿದಾಗ ‘ಸಿ’ ಜೀವಸತ್ವದ ಒಂದಂಶ ನಷ್ಟವಾಗುತ್ತದೆ. ರಸಕ್ಕೆ ಅಕ್ಕಿಯ ಗಂಜಿಯನ್ನು ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ಟ್ಯಾನಿನ್ ಗಂಜಿಯೊಡನೆ ಕೂಡಿ ತಳಕ್ಕಿಳಿದು, ಮೇಲಿನ ತಿಳಿರಸ ಕುಡಿಯಲು ಹಿತವಾಗುತ್ತದೆ. ಬೇಯಿಸಿದ ಸಾಬಕ್ಕಿಯಿಂದಲೂ ಇದೇ ಫಲ ದೊರೆಯುತ್ತದೆ. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾಗಿ ಅನಂತರ ನಿರ್ದೇಶನಾಲಯವಾದ ಗೇರು ಸಂಶೋಧನ ಸಂಸ್ಥೆ ಹಾಗೂ ಕೇರಳ ಕೃಷಿ ವಿಶ್ವವಿದ್ಯಾಲಯಗಳು ಗೇರುಹಣ್ಣಿನಿಂದ ಪಾನಕ, ಜಾಮು, ಉಪ್ಪಿನಕಾಯಿ ಮೊದಲಾದವುಗಳನ್ನು ತಯಾರಿಸುವ ವಿಧಾನಗಳನ್ನು ರೂಪಿಸಿವೆ. ಗೋವೆಯಲ್ಲಿ ಹಣ್ಣು ‘ಫೆನಿ’ಯಾಗಿ ಬೆಲೆ ಪಡೆಯಿತು, 2009ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಬಟ್ಟಿ ಇಳಿಸಿದ ಮದ್ಯದಲ್ಲಿ ಹಣ್ಣಿನ ಪರಿಮಳ ಉಳಿದೀತು, ಜೀವಸತ್ವ ಉಳಿಯುವುದಿಲ್ಲ. ಹಣ್ಣನ್ನು ಆಹಾರವಾಗಿಯೇ ಉಳಿಸಿಕೊಳ್ಳುವ ಪ್ರಯತ್ನಗಳಿಗೆ ಇನ್ನೂ ವ್ಯಾಪಕವಾದ ನೆಲೆ ದೊರೆಯಬೇಕಾಗಿದೆ.

ಮಾರುಕಟ್ಟೆ ಮತ್ತು ಅಡುಗೆಮನೆ

ಭಾರತದ ಗೇರು ಕಾರ್ಖಾನೆಗಳು ಇತ್ತೀಚಿನ ದಶಕಗಳಲ್ಲಿ ತಮಗೆ ಬೇಕಾದ ಬೀಜದ ಬಹುದೊಡ್ಡ ಭಾಗವನ್ನು ಆಫ್ರಿಕಾದ ದೇಶಗಳಿಂದ ತರಿಸಿಕೊಳ್ಳುತ್ತಿವೆ. ಐವರಿ ಕೋಸ್ಟ್, ಬೆನಿನ್, ಘಾನಾ, ಗಿನಿ ಬಿಸ್ಸಾವ್, ತಾಂಜಾನಿಯಗಳಲ್ಲಿ ಬೆಳೆದ ಬೀಜವು ಮಂಗಳೂರಿನ ಬಂದರಿನ ಮೂಲಕ ಕರಾವಳಿಯ ಕಾರ್ಖಾನೆಗಳನ್ನು ಸೇರುತ್ತದೆ. ಇದರಿಂದ ಉದ್ಯಮವೂ ಅದನ್ನು ನಂಬಿದ ಕುಟುಂಬಗಳ ಜೀವನವೂ ಮುಂದುವರಿಯಲು ಸಾಧ್ಯವಾಗಿದೆ. ಆಹಾರದ ದೃಷ್ಟಿಯಿಂದ ಮಾತ್ರ ಇದಕ್ಕೊಂದು ಮಿತಿಯಿದೆ. ಹಡಗಿನಲ್ಲಿ ಬರುವುದು ಒಣಗಿದ ಬೀಜ. ಅದರೊಡನೆ ಹಸಿರು ಎಳೆಬೀಜವಾಗಲಿ, ಹಣ್ಣಾಗಲಿ, ಮಳೆಗೆ ಮೊಳೆತ ಬೀಜವಾಗಲಿ ಬರಲಾರದು. ಆ ಮೂರೂ ಊರಿನ ಮರವನ್ನೇ ಅವಲಂಬಿಸಿವೆ.

ಊರಿನ ಗೇರುಗುಡ್ಡಗಳು ರಬ್ಬರು, ಅಡಿಕೆ, ಮನೆ ನಿವೇಶನಗಳಿಗೆ ಎಡೆಮಾಡಿಕೊಟ್ಟ ಕಡೆಗಳಲ್ಲಿ ತಿರುಳಿನ ಕೊರತೆ ಯಾರಿಗೂ ತಿಳಿಯುವುದಿಲ್ಲ. ಅಂಗಡಿಯಲ್ಲಿ ಅದು ವರ್ಷವಿಡೀ ದೊರೆಯುತ್ತದೆ. ಕೊರತೆಯಾಗುವುದು ಪೊಟ್ಟಣದಲ್ಲಿ ದೊರೆಯದ ರೂಪಗಳಿಗೆ. ಅವುಗಳೊಂದಿಗೆ ಎಳೆಬೀಜವನ್ನು ಕೈ ಸುಡದಂತೆ ಸೀಳುವ, ಹಣ್ಣಿನ ಒಗರನ್ನು ಗಂಜಿಯಿಂದ ತೆಗೆಯುವ ತಿಳಿವಳಿಕೆಯೂ ಮರೆಯಾಗುತ್ತದೆ. ಈ ತಿಳಿವಳಿಕೆಯ ಬಹುಭಾಗ ಹೆಂಗಸರ ಕೈಯಲ್ಲಿ ಉಳಿದುಬಂದುದು. ಬರವಣಿಗೆಗೆ ಬಂದಿರುವುದು ಅಲ್ಪ.

ಸಮಾರೋಪ

ಗೇರುಬೀಜವು ಸುಮಾರು ನಾಲ್ಕೂವರೆ ಶತಮಾನಗಳ ಹಿಂದೆ ಹೊರಗಿನಿಂದ ಬಂದ ಫಲ. ಕರಾವಳಿಯ ಭಾಷೆಗಳು ಅದಕ್ಕೆ ತಮ್ಮ ಕಾಡಿನ ಮರವೊಂದರ ಹೆಸರನ್ನು ಕೊಟ್ಟವು. ಕರಾವಳಿಯ ಅಡುಗೆ ಅದರ ಪ್ರತಿಯೊಂದು ಹಂತಕ್ಕೂ ಒಂದು ಬಳಕೆಯನ್ನು ಕಂಡುಕೊಂಡಿತು. ತಿರುಳು ಒಳ್ಳೆಯ ಕೊಬ್ಬು, ಪ್ರೋಟೀನು ಮತ್ತು ಖನಿಜಗಳ ಆಕರವೆಂಬುದನ್ನು ವಿಶ್ಲೇಷಣೆಗಳು ದೃಢಪಡಿಸಿವೆ. ಅದನ್ನು ಅಲ್ಪ ಪ್ರಮಾಣದಲ್ಲಿ ಅಕ್ಕಿ, ಬೇಳೆ, ತರಕಾರಿಗಳ ಸಂಗಡ ಬಳಸುವ ರೂಢಿಯೂ ಅದೇ ವಿಶ್ಲೇಷಣೆಗಳಿಂದ ಸಮರ್ಥನೆ ಪಡೆಯುತ್ತದೆ. ತಿರುಳಿನಲ್ಲಿಲ್ಲದ ಜೀವಸತ್ವವನ್ನು ಹೊತ್ತ ಹಣ್ಣು ಮಾತ್ರ ಇನ್ನೂ ಬೆಲೆಯಿಲ್ಲದೆ ಬಿದ್ದಿದೆ.

ಗೇರಿನ ಅಭಿವೃದ್ಧಿಯನ್ನು ಎಕರೆವಾರು ಬೀಜದ ಇಳುವರಿಯಿಂದಲೇ ಅಳೆಯುವ ಕ್ರಮದ ಜೊತೆಗೆ, ಒಂದು ಮರದಿಂದ ಎಷ್ಟು ಆಹಾರ ಮನುಷ್ಯರಿಗೆ ತಲುಪಿತು ಎಂಬ ಅಳತೆಯೂ ಬಳಕೆಗೆ ಬರಬೇಕಾಗಿದೆ. ತೋಪಿನ ಸಮೀಪದಲ್ಲಿಯೇ ಹಣ್ಣಿನ ರಸವನ್ನು ತಿಳಿಗೊಳಿಸುವ ಸಣ್ಣ ಘಟಕಗಳು, ಋತುವಿನಲ್ಲಿ ಎಳೆಬೀಜವನ್ನು ಸುಲಿದು ಮಾರುವ ಮಹಿಳೆಯರಿಗೆ ಕೈಗವಸು ಹಾಗೂ ಸುಧಾರಿತ ಉಪಕರಣಗಳು, ಮನೆಮನೆಯ ಪಾಕಕ್ರಮಗಳ ವ್ಯವಸ್ಥಿತ ದಾಖಲಾತಿ ಇವು ಈ ದಿಕ್ಕಿನಲ್ಲಿ ಆಗಬೇಕಾದ ಕೆಲಸಗಳು. ದಾಖಲಾತಿಯ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಎಳೆಬೀಜ ಸೀಳುವುದನ್ನು ಕಂಡು ಕಲಿತವರು ಇಂದಿಗೂ ಕರಾವಳಿಯ ಹಳ್ಳಿಗಳಲ್ಲಿದ್ದಾರೆ. ಅವರಿಂದ ಕೇಳಿ ಬರೆದುಕೊಳ್ಳುವುದು ಈ ಕ್ಷೇತ್ರದ ಸಂಶೋಧಕರ ಮೊದಲ ಹೊಣೆಯಾಗಿದೆ.